ಮಸಿ ತೆಗೆಯುವ ರಬ್ಬರ್ ಸ್ಪಂಜು: ಬೆಂಕಿ ಬಿದ್ದ ದಫ್ತರ ಕೋಣೆಯಲ್ಲಿ ಇದರಿಂದ ಏನಾದೀತು, ಏನಾಗದು

ಬೆಂಕಿ ಆರಿದ ದಫ್ತರ ಕೋಣೆಯಲ್ಲಿ ಎಲ್ಲರ ಕಣ್ಣು ಹೋಗುವುದು ಸುಟ್ಟ ಕಪಾಟಿನ ಕಡೆಗೆ. ಕೆಲಸ ಇರುವುದು ಮಾತ್ರ ಸುಡದೆ ಉಳಿದ ಕಪಾಟುಗಳಲ್ಲಿ. 1986ರ ಏಪ್ರಿಲ್ 29ರಂದು ಲಾಸ್ ಏಂಜಲೀಸ್ ನಗರದ ಕೇಂದ್ರ ಗ್ರಂಥಾಲಯಕ್ಕೆ ಬೆಂಕಿ ಬಿದ್ದಾಗ ಸುಮಾರು 4 ಲಕ್ಷ ಪುಸ್ತಕ ಸುಟ್ಟುಹೋದವು. ಹೊಗೆಯಿಂದ, ನೀರಿನಿಂದ ಕೆಟ್ಟವು ಸುಮಾರು 7 ಲಕ್ಷ. ವಿಜಯಪುರದ ಹಳೆ ವಾಡೆಯ ಅಟ್ಟವಿರಲಿ, ಮಠದ ಗ್ರಂಥಭಂಡಾರವಿರಲಿ, ಸಹಕಾರಿ ಸಂಘದ ಹಿಂದಿನ ಕೋಣೆಯಿರಲಿ, ಲೆಕ್ಕ ಹೀಗೆಯೇ ಬರುತ್ತದೆ. ವೈರು ಶಾರ್ಟ್ ಆಗಿ ಒಂದು ಕಪಾಟು ಬೂದಿಯಾದರೆ ಸುತ್ತಲಿನ ನಾಲ್ಕೈದು ಕಪಾಟಿಗೆ ಮಸಿ ಮೆತ್ತಿರುತ್ತದೆ. ಆ ನಾಲ್ಕೈದು ಕಪಾಟುಗಳಿಗೆ ಬೇಕಾಗುವ ಸಾಮಾನು ಈ ಸ್ಪಂಜು.

ತೀರ್ಪು ಮೊದಲೇ ಹೇಳಿಬಿಡುವುದು ಒಳ್ಳೆಯದು. ಗಟ್ಟಿಯಾಗಿರುವ ಕಾಗದದ ಮೇಲೆ ಒಣಗಿ ಕೂತ ಮಸಿಯನ್ನು ನೀರು ಸೋಕಿಸದೆ ಎತ್ತುವುದಕ್ಕೆ ಇಷ್ಟು ಅಗ್ಗದ, ಇಷ್ಟು ಸುಲಭದ ಬೇರೆ ಉಪಕರಣ ಇಲ್ಲ. ಆದರೆ ಇದು ಒಂದೇ ಕೆಲಸದ ಉಪಕರಣ. ಹೊಗೆ ಕಂಡಲ್ಲೆಲ್ಲ ಇದನ್ನೇ ಹಿಡಿದು ಉಜ್ಜಿದರೆ ಬೆಂಕಿ ಬಿಟ್ಟುಹೋದ ಅಕ್ಷರವನ್ನು ನಮ್ಮ ಕೈಯೇ ಅಳಿಸುತ್ತದೆ. ನಮ್ಮ ಭಾಗದ ಸಂಗ್ರಹಗಳಲ್ಲಿ ತಾಡವೋಲೆ, ಬಟ್ಟೆಯ ಕಡತ, ಮೋಡಿ ಲಿಪಿಯ (ಮರಾಠಿಯ ಹಳೆ ಓಟದ ಬರಹದ) ಕಾಗದ, ದಿನದ ಜಮಾಖರ್ಚಿನ ಕಿರ್ದಿ ಪುಸ್ತಕ ಎಲ್ಲವೂ ಒಂದೇ ಕಪಾಟಿನಲ್ಲಿ ಕೂಡಿರುವುದರಿಂದ ಈ ಮಾತನ್ನು ಒತ್ತಿ ಹೇಳಬೇಕಾಗಿದೆ.

ಸ್ಪಂಜು ಎಂದರೆ ಪಾತ್ರೆ ತಿಕ್ಕುವ ಸ್ಪಂಜಲ್ಲ. ಇದು ನೈಸರ್ಗಿಕ ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿ, ಅಂದರೆ ವಲ್ಕನೈಸ್ ಮಾಡಿ, ಸಣ್ಣ ರಂಧ್ರ ಬರುವಂತೆ ಎರೆದ ಇಟ್ಟಿಗೆ. ಸಾಮಾನ್ಯವಾಗಿ ಸಿಗುವುದು ಸುಮಾರು 6 ಇಂಚು ಉದ್ದ, 3 ಇಂಚು ಅಗಲ, ಮುಕ್ಕಾಲು ಇಂಚು ದಪ್ಪದ್ದು. ಇದಕ್ಕಿಂತ ದಪ್ಪನೆಯದೂ ಇದೆ. ಬೆಂಕಿಯ ನಂತರ ಮನೆಗೋಡೆ, ಛಾವಣಿ ಒರೆಸುವವರು ಬಳಸುತ್ತಿದ್ದ ವಸ್ತು ದಾಖಲೆ ಸಂರಕ್ಷಣೆಯವರ ಕೈಗೂ ಬಂದಿದೆ. ಮಾರುವವರು ಸ್ಮೋಕ್ ಸ್ಪಂಜು, ಸೂಟ್ ಸ್ಪಂಜು, ಡ್ರೈ ಕ್ಲೀನಿಂಗ್ ಸ್ಪಂಜು ಎಂದು ಮೂರು ಹೆಸರಿಟ್ಟರೂ ವಸ್ತು ಒಂದೇ. ಮುಟ್ಟಿದರೆ ತುಸು ಅಂಟಂಟು ಅನಿಸುತ್ತದೆ. ಅದರ ಗುಣವೆಲ್ಲ ಆ ಅಂಟಿನಲ್ಲೇ ಇದೆ. ಮಸಿಯ ಕಣ ರಬ್ಬರಿಗೆ ಹತ್ತಿ ರಂಧ್ರದೊಳಗೆ ಸೇರುತ್ತದೆ, ಕಾಗದಕ್ಕೆ ಮರಳುವುದಿಲ್ಲ. ನೀರು ಹಚ್ಚಿದಿರೋ ಈ ಗುಣ ಹೋಯಿತು. ಒದ್ದೆ ಸ್ಪಂಜು ಮಸಿಯನ್ನು ಎತ್ತುವುದಿಲ್ಲ, ಬಳಿಯುತ್ತದೆ.

ಎಲ್ಲ ಮಸಿಯೂ ಒಂದೇ ತೆರನದ್ದಲ್ಲ. ಗಾಳಿ ಚೆನ್ನಾಗಿ ಸಿಕ್ಕು ಧಗಧಗ ಉರಿದ ಕಾಗದ, ಕಟ್ಟಿಗೆಯಿಂದ ಬರುವುದು ಒಣಮಸಿ, ಊದಿದರೆ ಏಳುತ್ತದೆ. ಗಾಳಿಯಿಲ್ಲದ ಕೋಣೆಯಲ್ಲಿ ರಾತ್ರಿಯಿಡೀ ಒಳಗೊಳಗೇ ಕುದಿದ ಹೊಗೆ, ಅದರಲ್ಲೂ ಪ್ಲಾಸ್ಟಿಕ್ಕು, ವೈರಿನ ಹೊದಿಕೆ, ಫೋಮ್ ಕುರ್ಚಿ ಸುಟ್ಟ ಹೊಗೆ ಬಿಡುವುದು ಜಿಡ್ಡುಮಸಿ. ಹಳೆ ಅಡುಗೆಮನೆಯ ಸೂರಿನ ಇಲ್ಲಣದ ಹಾಗೆ ಅದು ಬೆರಳಿಗೆ ಹತ್ತಿದರೆ ಬಿಡದು. ಒಣಮಸಿಯ ಮೇಲೆ ಸ್ಪಂಜಿನ ಕೆಲಸ ನೋಡಿದರೆ ಖುಷಿಯಾಗುತ್ತದೆ. ಜಿಡ್ಡುಮಸಿಯಲ್ಲಿ ಮೇಲಿನ ಪದರ ಮಾತ್ರ ಬರುತ್ತದೆ, ಕೆಳಗೆ ಕಂದು ಛಾಯೆ ಉಳಿದೇ ಉಳಿಯುತ್ತದೆ. ಅಂಥಲ್ಲಿ ಒತ್ತಿ ತಿಕ್ಕಿದರೆ ಮಸಿ ಇನ್ನಷ್ಟು ಒಳಗೆ ಇಳಿಯುತ್ತದೆಯೇ ಹೊರತು ಬರುವುದಿಲ್ಲ. ಮಸಿಯ ಕಣಗಳಲ್ಲಿ ಬಹುಪಾಲು ಒಂದು ಮೈಕ್ರಾನಿಗಿಂತಲೂ, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತಲೂ ಸಣ್ಣವು. ಕಾಗದದ ನಾರಿನ ಅಗಲ ಹತ್ತಾರು ಮೈಕ್ರಾನ್. ನಾರಿನ ಸಂದಿಗೆ ಒಮ್ಮೆ ಇಳಿದ ಕಣವನ್ನು ಯಾವ ಸ್ಪಂಜೂ ಎಳೆದು ತರಲಾರದು. ಬೆರಳಿನಿಂದ ಮುಟ್ಟಿ ನೋಡುವುದು, ಬಟ್ಟೆಯಿಂದ ಒರೆಸುವುದು, ಒಂದರ ಮೇಲೊಂದು ಪೇರಿಸುವುದು ಬೇಡ ಎನ್ನುವುದು ಇದಕ್ಕೇ. ಬೆರಳಿನ ಎಣ್ಣೆಯೊಂದೇ ಸಾಕು, ಆ ಗುರುತು ಕಾಯಂ ಆಗಲು.

ಹಾಗಂತ ಕಾಯುತ್ತಾ ಕೂಡುವಂತೆಯೂ ಇಲ್ಲ. ದಿನ ಕಳೆದಂತೆ ಮಸಿ ಗಾಳಿಯ ತೇವ ಹೀರಿ ಕಾಗದಕ್ಕೆ ಕಚ್ಚಿಕೊಳ್ಳುತ್ತದೆ. ವಿಜಯಪುರ, ಬಾಗಲಕೋಟೆಯ ಒಣ ಬೇಸಿಗೆಯಲ್ಲಿ ತುಸು ಉಸಿರಾಡಲು ವೇಳೆ ಸಿಗುತ್ತದೆ. ಬೆಳಗಾವಿಯಲ್ಲಿ ಜುಲೈ ತಿಂಗಳ ಜಿಟಿಜಿಟಿ ಮಳೆಯಲ್ಲಿ ಬೆಂಕಿ ಬಿದ್ದರೆ ಆ ವೇಳೆ ಇಲ್ಲ.

ಸ್ಪಂಜು ಕೈಗೆತ್ತಿಕೊಳ್ಳುವ ಮೊದಲು ನೋಡಬೇಕಾದ್ದು ಕಾಗದ ಒಣಗಿದೆಯೇ ಎಂದು. ಬೆಂಕಿಗೆ ಹೊಡೆದ ನೀರು ದಫ್ತರಕ್ಕೂ ಬಿದ್ದಿರುತ್ತದೆ. ಒದ್ದೆ ಕಾಗದದ ಮಸಿಯನ್ನು ಒರೆಸಲೇಬಾರದು. ಮೊದಲು ಒಣಗಿಸಬೇಕು, ಒಣಗಿಸಲು ಆಗದಷ್ಟು ಇದ್ದರೆ ಪ್ಲಾಸ್ಟಿಕ್ ಹಾಳೆಯಲ್ಲಿ ಬೇರೆ ಬೇರೆ ಸುತ್ತಿ ಸೊನ್ನೆಗಿಂತ 18 ಡಿಗ್ರಿ ಅಥವಾ ಅದಕ್ಕೂ ಕೆಳಗಿನ ಚಳಿಯಲ್ಲಿ ಇಡಬೇಕು. 48 ಗಂಟೆ ದಾಟಿದರೆ ಬೂಷ್ಟು ಏಳಲು ಶುರುವಾಗುತ್ತದೆ. ವಿಜಯಪುರ ಜಿಲ್ಲೆಯಲ್ಲಿ ಒಣದ್ರಾಕ್ಷಿಯ ಕೋಲ್ಡ್ ಸ್ಟೋರೇಜ್ ಇವೆ, ಅಲ್ಲಿಟ್ಟರಾಯಿತು ಎಂದು ಹೊರಡುವ ಮುನ್ನ ಉಷ್ಣತೆ ಕೇಳಿಕೊಳ್ಳಿ. ಒಣದ್ರಾಕ್ಷಿ ಇಡುವ ಕೋಣೆ ಸೊನ್ನೆಗಿಂತ ಮೇಲಿರುತ್ತದೆ. ಅಲ್ಲಿ ಬೂಷ್ಟು ನಿಧಾನವಾದೀತು, ನಿಲ್ಲದು. ಬೇಕಾಗುವುದು ಐಸ್‌ಕ್ರೀಮ್ ಇಡುವಂಥ ಫ್ರೀಜರು.

ಕೋಣೆಯ ಫ್ಯಾನು, ಎಸಿ ಹಾಕಬೇಡಿ. ಒಂದು ಕಪಾಟಿನ ಮಸಿ ಹತ್ತು ಕಪಾಟಿಗೆ ಹಂಚುತ್ತದೆ. ಎನ್‌95 ಮಾಸ್ಕ್, ಕನ್ನಡಕ, ಪುಡಿಯಿಲ್ಲದ ನೈಟ್ರೈಲ್ ಕೈಗವಸು ಇಲ್ಲದೆ ಯಾರನ್ನೂ ಒಳಗೆ ಬಿಡಬೇಡಿ. ಇನ್ನೊಂದು ಮಾತು: ಹಳೆ ಗೋದಾಮು, ಶೆಡ್ಡುಗಳ ಮೇಲೆ ಆಸ್ಬೆಸ್ಟಾಸ್ ಸಿಮೆಂಟಿನ ತಗಡಿದ್ದರೆ ಕಾವಿಗೆ ಅದು ಪಟಪಟ ಒಡೆದು ಚೂರು ಸಿಡಿದಿರುತ್ತದೆ. ಅಂಥ ಕೋಣೆಯಲ್ಲಿ ಕಸಬರಿಗೆ ಆಡಿಸಿದರೆ ಅದರ ನಾರು ಶ್ವಾಸಕೋಶಕ್ಕೆ ಹೋಗುತ್ತದೆ. ಅದರ ವಿಲೇವಾರಿ ತಿಳಿದವರು ಬಂದು ತೆಗೆಯುವ ತನಕ ದಫ್ತರದ ಕೆಲಸ ನಿಲ್ಲಲಿ.

ಸ್ಪಂಜಿಗೆ ಜೋಡಿಯಾಗಿ ಒಂದು ವ್ಯಾಕ್ಯೂಮ್ ಕ್ಲೀನರ್ ಬೇಕೇ ಬೇಕು. ಅದಿಲ್ಲದೆ ಸ್ಪಂಜು ಕೊಳ್ಳುವುದು ಅರ್ಧ ಕೆಲಸ. ಮನೆಯ ಸಾದಾ ವ್ಯಾಕ್ಯೂಮ್ ಮಸಿಯನ್ನು ಮುಂದಿನಿಂದ ಎಳೆದು ಹಿಂದಿನಿಂದ ಊದುತ್ತದೆ, ಏಕೆಂದರೆ ಅದರ ಚೀಲ ಅಷ್ಟು ಸಣ್ಣ ಕಣವನ್ನು ಹಿಡಿಯುವುದಿಲ್ಲ. 0.3 ಮೈಕ್ರಾನ್ ಕಣವನ್ನು 99.97% ಹಿಡಿಯುವ ಹೆಪಾ ಫಿಲ್ಟರಿನದು, ಎಳೆತ ಕಡಿಮೆ ಮಾಡಲು ಬರುವಂಥದ್ದು ನೋಡಿ ತರಬೇಕು. ‘ಹೆಪಾ ಮಾದರಿ’ ಎಂದು ಬರೆದಿರುವುದೆಲ್ಲ ಹೆಪಾ ಅಲ್ಲ. ಕೊಳವೆಯ ಬಾಯಿಗೆ ಸೊಳ್ಳೆಪರದೆಯ ಜಾಳಿಗೆ ಬಿಗಿದು ಕಟ್ಟಿ. ಹರಿದ ಚೂರು ಒಳಗೆ ಹೋಗುವುದಿಲ್ಲ. ಬಾಯಿಯನ್ನು ಕಾಗದಕ್ಕೆ ಒತ್ತದೆ ಒಂದೆರಡು ಸೆಂಟಿಮೀಟರ್ ಮೇಲೆ ಹಿಡಿದು, ಎಳೆತ ಕಡಿಮೆ ಇಟ್ಟು, ಸಡಿಲ ಮಸಿಯನ್ನೆಲ್ಲ ಮೊದಲು ತೆಗೆಯಬೇಕು. ಈ ಹಂತ ಬಿಟ್ಟು ನೇರ ಸ್ಪಂಜು ಇಟ್ಟರೆ ಎರಡು ಕೇಡು: ಸ್ಪಂಜಿನ ರಂಧ್ರ ಕ್ಷಣದಲ್ಲಿ ತುಂಬುತ್ತದೆ, ಜೊತೆಗೆ ಸಡಿಲ ಮಸಿ ಸ್ಪಂಜಿನಡಿ ಸಿಕ್ಕು ಗೀರಾಗಿ ಮೂಡುತ್ತದೆ.

ಬೆಂಕಿ ಆರಿಸುವ ಸಿಲಿಂಡರಿನ ಪುಡಿ ಬಿದ್ದಿದ್ದರಂತೂ ವ್ಯಾಕ್ಯೂಮ್ ತಪ್ಪಿಸುವಂತಿಲ್ಲ. ಎಬಿಸಿ ಸಿಲಿಂಡರಿನಲ್ಲಿರುವುದು ಹೆಚ್ಚಾಗಿ ಮೋನೋಅಮೋನಿಯಂ ಫಾಸ್ಫೇಟ್. ಅದು ಆಮ್ಲೀಯ, ಗಾಳಿಯ ತೇವ ಹೀರಿ ಗಟ್ಟಿಯಾಗಿ ಕಾಗದಕ್ಕೂ ಲೋಹಕ್ಕೂ ಕಚ್ಚುತ್ತದೆ. ಒಣಗಿ ಪುಡಿಯಾಗಿರುವಾಗಲೇ ಎಳೆದು ತೆಗೆಯಬೇಕು. ಸ್ಪಂಜಿಗೆ ಸಿಕ್ಕರೆ ಅದರ ಹರಳು ಮರಳುಕಾಗದದ ಹಾಗೆ ಉಜ್ಜುತ್ತದೆ.

ಇನ್ನು ಸ್ಪಂಜು ಹಿಡಿಯುವ ಕ್ರಮ. ಇಡೀ ಇಟ್ಟಿಗೆಯನ್ನು ಹಿಡಿದು ಕೆಲಸ ಮಾಡುವವರು ಬಹಳ, ಅದು ದಂಡ. 6×3 ಇಂಚಿನದನ್ನು ಚೂಪಾದ ಬ್ಲೇಡಿನಿಂದ ಒಂದೂವರೆ ಇಂಚಿನ ಚೌಕಗಳಾಗಿ 8 ತುಂಡು ಮಾಡಿಕೊಳ್ಳಿ. ಒಂದೊಂದು ತುಂಡಿಗೂ ಆರು ಮುಖ. ಮೇಜಿಗೆ ಅಚ್ಚಾಗದ ಬಿಳಿ ಕಾಗದ ಹಾಸಿ. ಹಳೆ ದಿನಪತ್ರಿಕೆ ಬೇಡ, ಅದರ ಶಾಯಿ ಹತ್ತುತ್ತದೆ. ಹಾಳೆಯ ಒಂದು ಮೂಲೆಯನ್ನು ಎಡಗೈಯಿಂದ ಹಗುರಾಗಿ ಹಿಡಿದು, ಸ್ಪಂಜನ್ನು ಮೊದಲು ನೇರ ಕೆಳಗಿಟ್ಟು ನೇರ ಮೇಲೆತ್ತಿ. ಎಳೆಯಬೇಡಿ. ಎತ್ತಿದ ಮುಖ ಕಪ್ಪಾಗಿ, ಕಾಗದದ ಮೇಲೆ ಸ್ಪಂಜಿನಷ್ಟೇ ಅಗಲದ ಬಿಳಿ ಚೌಕ ಕಾಣಬೇಕು. ಹೀಗೆ ಒಂದರ ಪಕ್ಕ ಒಂದು ಒತ್ತುತ್ತಾ ಹಾಳೆ ಮುಗಿಸಿ. ಅದಾದ ಮೇಲೇ ಎಳೆತ: ನಡುವಿನಿಂದ ಅಂಚಿನ ಕಡೆಗೆ, ಒಂದೇ ದಿಕ್ಕಿಗೆ, ಹಗುರಾಗಿ, ಅಂಚು ದಾಟುವ ತನಕ. ಹಾಳೆಯ ನಡುವೆ ನಿಲ್ಲಿಸಿದರೆ ನಿಲ್ಲಿಸಿದಲ್ಲಿ ಕಪ್ಪು ಗೆರೆ ಉಳಿಯುತ್ತದೆ. ಹಿಂದೆ ಮುಂದೆ, ಸುತ್ತ ಸುತ್ತ ತಿಕ್ಕುವುದು ಬೇಡ. ಅಂಚಿನಿಂದ ಒಳಕ್ಕೆ ಎಳೆದರೆ ಅಂಚಿನ ಹರಕು ಸ್ಪಂಜಿಗೆ ಸಿಕ್ಕು ಇನ್ನಷ್ಟು ಹರಿಯುತ್ತದೆ.

ಮುಖ ಬೂದುಬಣ್ಣಕ್ಕೆ ತಿರುಗಿದೊಡನೆ ಬೇರೆ ಮುಖಕ್ಕೆ ಹೋಗಿ. ಆರೂ ಮುಖ ಕಪ್ಪಾದ ಮೇಲೆ ಬ್ಲೇಡಿನಿಂದ ಎರಡು ಮೂರು ಮಿಲಿಮೀಟರ್ ಸೀಳಿ ತೆಗೆದರೆ ಕೆಳಗೆ ಹೊಸ ಮುಖ. ತೊಳೆದು ಮತ್ತೆ ಬಳಸುವ ಉಳಿತಾಯ ಬೇಡವೇ ಬೇಡ. ಕೆಲಸಗಾರರು ಎಡವುವುದು ಹೆಚ್ಚಾಗಿ ಇಲ್ಲೇ. ಸ್ಪಂಜು ಇನ್ನೂ ನಡೆಯುತ್ತದೆ ಎಂದು ಕಪ್ಪಾದ ಮುಖದಲ್ಲೇ ಮುಂದುವರಿಸಿದರೆ ಮೊದಲ ಹಾಳೆಯ ಮಸಿ ಹತ್ತನೆಯ ಹಾಳೆಗೆ ಹೋಗಿ ಕೂರುತ್ತದೆ. ಟಾರ್ಚನ್ನು ಮೇಜಿಗೆ ಒರಗಿಸಿ ಅಡ್ಡಬೆಳಕು ಬೀಳಿಸಿದರೆ ಒರೆಸಿದ್ದು, ಬಿಟ್ಟದ್ದು ಎರಡೂ ಸ್ಪಷ್ಟ ಕಾಣುತ್ತವೆ. ಕೊನೆಗೆ ರಬ್ಬರಿನ ಪುಡಿಯನ್ನು ಮೆದು ಬ್ರಷ್‌ನಿಂದ ಗುಡಿಸಿ ವ್ಯಾಕ್ಯೂಮಿಗೆ ಕೊಡಬೇಕು. ಪುಡಿ ಹಾಳೆಯ ಸಂದಿಯಲ್ಲಿ ಉಳಿದರೆ ಮುಂದೆ ಅದೇ ಒಣಗಿ ಅಂಟಿಕೊಳ್ಳುತ್ತದೆ.

ಬೈಂಡು ಮಾಡಿದ ಕಿರ್ದಿ, ಖಾತೆ ಪುಸ್ತಕಗಳ ವಿಷಯದಲ್ಲಿ ಒಂದು ಸಮಾಧಾನವಿದೆ. ಬಿಗಿಯಾಗಿ ಮುಚ್ಚಿದ್ದ ಪುಸ್ತಕದೊಳಗೆ ಹೊಗೆ ಬಹಳ ಹೋಗಿರುವುದಿಲ್ಲ. ಮೇಲಂಚು, ರಟ್ಟು, ಪುಟದ ಅಂಚಿನ ಬೆರಳಗಲ ಇಷ್ಟೇ ಕಪ್ಪಾಗಿರುತ್ತದೆ. ಅದಕ್ಕೇ ತೆರೆಯುವ ಅವಸರ ಬೇಡ. ಪುಸ್ತಕವನ್ನು ಮುಚ್ಚಿಯೇ ಬಿಗಿಯಾಗಿ ಹಿಡಿದು, ಮೇಲಂಚನ್ನು ಬೆನ್ನಿನ ಕಡೆಯಿಂದ ಮುಂಭಾಗದ ಕಡೆಗೆ ವ್ಯಾಕ್ಯೂಮ್ ಮಾಡಿ, ಆಮೇಲೆ ಅದೇ ದಿಕ್ಕಿಗೆ ಸ್ಪಂಜು ಎಳೆಯಿರಿ. ಮೂರೂ ಅಂಚು, ಎರಡೂ ರಟ್ಟು, ಬೆನ್ನು ಸ್ವಚ್ಛವಾದ ಮೇಲೆ ತೆರೆಯಿರಿ. ಮೊದಲೇ ತೆರೆದರೆ ಮೇಲಂಚಿನ ಮಸಿ ಪುಟದ ನಡುವಿನ ಹೊಲಿಗೆಗೆ ಸುರಿಯುತ್ತದೆ. ಅಲ್ಲಿಂದ ಅದನ್ನು ತೆಗೆಯುವುದು ಯಾರಿಂದಲೂ ಆಗದು.

ರುಮಾಲಿನಲ್ಲಿ ಕಟ್ಟಿದ ಕಾಗದದ ಗಂಟುಗಳಿಗೂ ಇದೇ ನೀತಿ. ಬಟ್ಟೆ ಬಹುಪಾಲು ಹೊಗೆಯನ್ನು ತಾನೇ ನುಂಗಿರುತ್ತದೆ. ಗಂಟು ಬಿಚ್ಚುವ ಮೊದಲು ಬಟ್ಟೆಯನ್ನು ಹೊರಗಿನಿಂದ ವ್ಯಾಕ್ಯೂಮ್ ಮಾಡಿ, ಬಿಚ್ಚುವಾಗ ಒಂದೊಂದೇ ಮಡಿಕೆಯನ್ನು ಹೊರಕ್ಕೆ ಹರವಿ, ಕಪ್ಪಾದ ಮುಖ ಮೇಜಿಗೆ ತಾಗುವಂತೆ ಇಡಿ. ಕೊಡವಬೇಡಿ. ಒಳಗಿನ ಕಾಗದವನ್ನು ಎತ್ತಿ ಬೇರೆ ಮೇಜಿಗೆ ಒಯ್ದ ಮೇಲೆ ಬಟ್ಟೆಯನ್ನು ಒಳಮುಖವಾಗಿ ಸುತ್ತಿ ಚೀಲಕ್ಕೆ ಹಾಕಿ. ಹಳೆ ರುಮಾಲಿನ ಮೇಲೆ ಊರಿನ ಹೆಸರು, ಇಸವಿ ಬರೆದಿರುವುದುಂಟು. ಎಸೆಯುವ ಮೊದಲು ಫೋಟೊ ತೆಗೆದಿಡಬೇಕು.

ಈಗ ಸ್ಪಂಜು ಮುಟ್ಟಿಸಬಾರದ ವಸ್ತುಗಳು. ಎಲ್ಲಕ್ಕಿಂತ ಮೊದಲು ಬಟ್ಟೆಯ ಕಡತ. ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲಪುಡಿ ಬಳಿದು ಕಪ್ಪು ಮಾಡಿ ಮಡಿಕೆ ಹಾಕಿ, ಅದರ ಮೇಲೆ ಬಳಪದಿಂದ ಬರೆದದ್ದು ಅದು. ಬರಹ ಬಳಪದ ಪುಡಿಯಾಗಿ ಮೇಲ್ಮೈಯಲ್ಲಿ ನಿಂತಿದೆ, ಹಿನ್ನೆಲೆ ಇದ್ದಿಲಾಗಿ ನಿಂತಿದೆ. ಮಸಿಯನ್ನು ಎತ್ತುವ ಸ್ಪಂಜು ಇವೆರಡನ್ನೂ ಅಷ್ಟೇ ಚೆನ್ನಾಗಿ ಎತ್ತುತ್ತದೆ. ಒಂದು ಎಳೆತಕ್ಕೆ ಒಂದು ಸಾಲು ಹೋಯಿತೆಂದೇ ತಿಳಿಯಿರಿ. ಹೊಗೆ ಹಿಡಿದ ಕಡತವನ್ನು ಮಡಿಕೆ ಬಿಚ್ಚದೆ, ಹೊರ ಹಲಗೆ ಮಾತ್ರ ಸ್ವಚ್ಛ ಮಾಡಿ, ಕಾಗದದ ಪೆಟ್ಟಿಗೆಯಲ್ಲಿಟ್ಟು ಸಂರಕ್ಷಣಾ ತಜ್ಞರಿಗೆ ಕಾಯಬೇಕು. ಆ ಕಾಯುವಿಕೆ ವರ್ಷವಾದರೂ ಸರಿ.

ತಾಡವೋಲೆಯದು ಇನ್ನೂ ಸೂಕ್ಷ್ಮ. ಕಂಠದಿಂದ, ಅಂದರೆ ಓಲೆ ಬರೆಯುವ ಕಬ್ಬಿಣದ ಮೊನೆಯಿಂದ, ಕೊರೆದ ಗೀರಿನೊಳಗೆ ತುಂಬಿದ್ದೇ ದೀಪದ ಕಾಡಿಗೆ. ಬೆಂಕಿಯ ಮಸಿಯೂ ಇಂಗಾಲ, ಅಕ್ಷರದ ಕಪ್ಪೂ ಇಂಗಾಲ. ಸ್ಪಂಜಿಗೆ ಭೇದ ತಿಳಿಯದು. ಹಲಗೆಗಳ ನಡುವೆ ಬಿಗಿದು ಕಟ್ಟಿದ ಕಟ್ಟಾದರೆ ಮಸಿ ಹೆಚ್ಚಾಗಿ ಗರಿಗಳ ಅಂಚಿನಲ್ಲೇ ಇರುತ್ತದೆ. ದಾರ ಬಿಚ್ಚದೆ ಅಂಚನ್ನಷ್ಟೇ ಮೆದು ಬ್ರಷ್‌ನಿಂದ ವ್ಯಾಕ್ಯೂಮಿನ ಕಡೆಗೆ ಗುಡಿಸಿದರೆ ಸಾಕು. ಹಲಗೆಯ ಮೇಲೆ ಸ್ಪಂಜು ಬಳಸಬಹುದು, ಅದೂ ಬಣ್ಣ, ಚಿತ್ರ ಇಲ್ಲದಿದ್ದರೆ. ಕಾವು ತಾಗಿದ ಗರಿ ಗಾಜಿನಷ್ಟು ಪೆಡಸು, ಬಗ್ಗಿಸಿ ನೋಡಬಾರದು. ಗರಿಗಳಿಗೆ ಎಣ್ಣೆ ಹಚ್ಚುವ ವಾಡಿಕೆ ನಮ್ಮಲ್ಲಿದೆ. ಹೊಗೆ ಹಿಡಿದ ಗರಿಗೆ ಎಣ್ಣೆ ಹಚ್ಚಿದರೆ ಮಸಿ ಎಣ್ಣೆಯ ಜೊತೆ ಒಳಗಿಳಿದು ಶಾಶ್ವತವಾಗುತ್ತದೆ. ಫ. ಗು. ಹಳಕಟ್ಟಿಯವರು ವಚನದ ಕಟ್ಟುಗಳಿಗಾಗಿ ಬದುಕನ್ನೇ ತೇಯ್ದ ಊರು ನಮ್ಮ ವಿಜಯಪುರ. ಇಲ್ಲಿ ಒಂದು ಗರಿ ಹೀಗೆ ಹಾಳಾಗುವುದನ್ನು ನೋಡಿ ಸುಮ್ಮನಿರಲಾಗದು.

ಮೋಡಿ ಕಾಗದಗಳು ವಿಜಯಪುರ, ಬಾಗಲಕೋಟೆ, ಬೆಳಗಾವಿ ಈ ಮೂರೂ ಜಿಲ್ಲೆಗಳಲ್ಲಿ ಮನೆಮನೆಯ ಪೆಟ್ಟಿಗೆಗಳಲ್ಲಿವೆ. ಕಾಗದ ಕೈಕಾಗದ, ಗಟ್ಟಿ, ಸ್ಪಂಜನ್ನು ತಾಳುತ್ತದೆ. ಶಾಯಿ ಮಾತ್ರ ಹೆಚ್ಚಾಗಿ ಗೋಂದು ಬೆರೆಸಿದ ಇಂಗಾಲದ್ದು, ಕಾಗದದ ಮೇಲೆ ಕುಳಿತಿರುತ್ತದೆ. ಶಾಯಿ ಒಣಗಲೆಂದು ಉದುರಿಸಿದ ಮರಳಿನ ಕಣ ಅಕ್ಷರಗಳ ಮೇಲೆ ಮಿನುಗುವುದನ್ನು ಭೂತಗನ್ನಡಿಯಲ್ಲಿ ನೋಡಬಹುದು. ಸ್ಪಂಜು ಎಳೆದರೆ ಕಣ ಕಿತ್ತು ಬರುತ್ತದೆ, ಕಣದ ಜೊತೆ ಶಾಯಿಯೂ ಬರುತ್ತದೆ. ಸಾಲುಗಳ ಮೇಲೆ ಒತ್ತಿ ಎತ್ತುವುದಷ್ಟೇ. ಎಳೆತ ಖಾಲಿ ಅಂಚಿನಲ್ಲಿ, ಬೆನ್ನಿನ ಖಾಲಿ ಭಾಗದಲ್ಲಿ ಮಾತ್ರ. ಒತ್ತುವ ಮುನ್ನವೂ ಕೊನೆಯ ಸಾಲಿನ ಒಂದು ಚುಕ್ಕೆಯ ಮೇಲೆ ಪರೀಕ್ಷೆ ಮಾಡಿ, ಸ್ಪಂಜನ್ನು ಭೂತಗನ್ನಡಿಯಲ್ಲಿ ನೋಡಬೇಕು. ಪೆನ್ಸಿಲಿನ ಟಿಪ್ಪಣಿ, ಸರ್ವೆ ನಕ್ಷೆಯ ಪೆನ್ಸಿಲ್ ಗೆರೆ ಇವೂ ಅಳಿಯುತ್ತವೆ.

ಫೋಟೊದ ಚಿತ್ರವಿರುವ ಮುಖಕ್ಕೆ ಸ್ಪಂಜು ಬೇಡ. ಕಪ್ಪುಬಿಳುಪು ಫೋಟೊದಲ್ಲಿರುವುದು ಬೆಳ್ಳಿ, ಸ್ಪಂಜಿನಲ್ಲಿರುವುದು ಗಂಧಕ, ಎರಡಕ್ಕೂ ಆಗಿಬರುವುದಿಲ್ಲ. ಗೀರಿನ ಭಯ ಬೇರೆ. ರಬ್ಬರ್ ಬಲ್ಬಿನಿಂದ ಊದಿ, ಮೆದು ಬ್ರಷ್ ಆಡಿಸಿ ಬಿಡಬೇಕು. ಕಂದಿದ, ಗರಿಗರಿಯಾದ ಸುಟ್ಟಂಚುಗಳ ಮೇಲೂ ಬೇಡ. ಆ ಕಂದುಬಣ್ಣ ಮಸಿಯಲ್ಲ, ಕಾಗದವೇ ಸುಟ್ಟು ಬಣ್ಣ ತಿರುಗಿದ್ದು. ಎಷ್ಟು ಉಜ್ಜಿದರೂ ಬಿಳಿಯಾಗದು, ಮುರಿಯುತ್ತದೆ.

ಸ್ಪಂಜಿನ ಕೈಗೆ ಸಿಗದ್ದು ಎರಡಿವೆ: ಆಮ್ಲ, ವಾಸನೆ. ವೈರಿನ ಹೊದಿಕೆಯ ಪಿವಿಸಿಯಲ್ಲಿ ತೂಕದ ಅರ್ಧಕ್ಕಿಂತ ಹೆಚ್ಚು, ಸುಮಾರು 57%, ಕ್ಲೋರಿನ್. ಅದು ಸುಟ್ಟಾಗ ಹೈಡ್ರೋಜನ್ ಕ್ಲೋರೈಡ್ ಹೊರಟು ತೇವದ ಜೊತೆ ಆಮ್ಲವಾಗುತ್ತದೆ. ಕಬ್ಬಿಣದ ರ‍್ಯಾಕು, ಟಾಚಣಿ (ಗುಂಡುಸೂಜಿ), ಕ್ಲಿಪ್ಪುಗಳಿಗೆ ಕೆಲವೇ ದಿನಗಳಲ್ಲಿ ತುಕ್ಕು ಹತ್ತುವುದು ಇದರಿಂದ. ಬೆಳಗಾವಿಯ ಮಳೆಗಾಲದಲ್ಲಿ ಇನ್ನೂ ಬೇಗ. ಸ್ವಚ್ಛ ಮಾಡುವಾಗಲೇ ಟಾಚಣಿ ತೆಗೆದುಬಿಡಿ. ರ‍್ಯಾಕನ್ನು ಸೌಮ್ಯ ಸೋಪುನೀರಿನಿಂದ ಒರೆಸಿ ಪೂರ್ತಿ ಒಣಗಿಸಿದ ಮೇಲೆಯೇ ದಫ್ತರ ಮರಳಿ ಇಡಬೇಕು. ಕಾಗದಗಳನ್ನು ಕ್ಯಾಲ್ಸಿಯಂ ಕಾರ್ಬೊನೇಟ್ ಸೇರಿಸಿದ ಹಾಳೆ, ಪೆಟ್ಟಿಗೆಯಲ್ಲಿ ಇಟ್ಟರೆ ಉಳಿದ ಆಮ್ಲವನ್ನು ಅದು ತಕ್ಕಮಟ್ಟಿಗೆ ತಡೆಯುತ್ತದೆ. ನೀರಾವರಿ, ಲೋಕೋಪಯೋಗಿ ಕಚೇರಿಗಳ ಹಳೆ ನೀಲಿನಕ್ಷೆಗಳನ್ನು ಮಾತ್ರ ಅದರಲ್ಲಿ ಇಡಬೇಡಿ. ಕ್ಷಾರ ತಾಗಿದರೆ ನೀಲಿ ಮಾಸುತ್ತದೆ. ಅವಕ್ಕೆ ಆಮ್ಲವೂ ಕ್ಷಾರವೂ ಇಲ್ಲದ ಸಾದಾ ಹಾಳೆ.

ವಾಸನೆಗೆ ವೇಳೆಯೇ ಮದ್ದು. ಮಸಿ ತೆಗೆದ ಮೇಲೂ ಹೊಗೆವಾಸನೆ ಉಳಿದ ಪುಸ್ತಕಗಳನ್ನು ದೊಡ್ಡ ಮುಚ್ಚಳದ ಡಬ್ಬದಲ್ಲಿ ತುಸು ತೆರೆದು ನಿಲ್ಲಿಸಿ. ಡಬ್ಬದ ತಳಕ್ಕೆ ಎರಡು ಬೆರಳು ಎತ್ತರ ಆಕ್ಟಿವೇಟೆಡ್ ಕಾರ್ಬನ್ ಹರಡಿ, ಮೇಲೆ ಜಾಲರಿ ಇಟ್ಟು, ಪುಡಿ ಪುಸ್ತಕಕ್ಕೆ ತಾಗದಂತೆ ನೋಡಿಕೊಳ್ಳಿ. ವಾರಗಟ್ಟಲೆ ಬೇಕು, ನಡುವೆ ಕಾರ್ಬನ್ ಬದಲಿಸಬೇಕು. ಬಿಸಿಲಿಗೆ ಒಡ್ಡಬೇಡಿ. ಲೋಬಾನ, ಊದಿನಕಡ್ಡಿ ಹಚ್ಚಿದರೆ ಹೊಗೆಯ ಮೇಲೆ ಇನ್ನೊಂದು ಹೊಗೆ. ಕಾರು, ಹೋಟೆಲ್ ಕೋಣೆಗಳ ವಾಸನೆ ತೆಗೆಯುವ ಓಝೋನ್ ಯಂತ್ರ ತಂದು ಒಂದೇ ರಾತ್ರಿಯಲ್ಲಿ ಮುಗಿಸುತ್ತೇವೆ ಎನ್ನುವವರನ್ನು ಒಳಗೆ ಬಿಡಬೇಡಿ. ಓಝೋನ್ ಕಾಗದದ ನಾರನ್ನು, ಚರ್ಮದ ಬೈಂಡನ್ನು, ಬಣ್ಣವನ್ನು ತಿನ್ನುತ್ತದೆ. ವಾಸನೆ ಹೋದೀತು, ಆದರೆ ಕಾಗದದ ಆಯುಷ್ಯವೂ ಜೊತೆಗೇ ಹೋಗುತ್ತದೆ.

ಬದಲಿ ಸಾಮಾನುಗಳ ಪೈಕಿ ಮುಖಕ್ಕೆ ಪೌಡರ್ ಹಚ್ಚುವ ಬಿಳಿ ಸ್ಪಂಜು ನುಣುಪಾದ ಕಾಗದಕ್ಕೆ ಪರವಾಗಿಲ್ಲ, ಸಣ್ಣ ಕೆಲಸಕ್ಕೆ ಆಗುತ್ತದೆ. ಸುವಾಸನೆ, ಬಣ್ಣ ಹಾಕಿದ್ದು ಬೇಡ. ‘ಮ್ಯಾಜಿಕ್’ ಎಂದು ಮಾರುವ ಬಿಳಿ ಮೆಲಮೈನ್ ಫೋಮ್ ಕಾಗದವನ್ನೇ ಸವೆಸುತ್ತದೆ. ಬ್ರೆಡ್ಡಿನ ತಿರುಳಿನಿಂದ ಉಜ್ಜುವ ಹಳೆ ಪದ್ಧತಿ ಜಿರಲೆಗೆ, ಬೆಳ್ಳಿಹುಳಕ್ಕೆ ಊಟ ಬಡಿಸಿದಂತೆ. ಪೆನ್ಸಿಲಿನ ರಬ್ಬರು ಮಸಿಯನ್ನು ಎತ್ತುವ ಬದಲು ಹರಡುತ್ತದೆ.

ಬೆಂಕಿಯೇ ಬೀಳದಿದ್ದರೂ ಈ ಸ್ಪಂಜಿಗೆ ನಮ್ಮ ಕಡೆ ಕೆಲಸವಿದೆ. ಮುಧೋಳ, ಜಮಖಂಡಿ ಭಾಗದಲ್ಲಿ ಕಬ್ಬು ಕಟಾವಿನ ಕಾಲಕ್ಕೆ ಹೊಲದಲ್ಲಿ ರವದಿ (ಕಬ್ಬಿನ ಒಣ ಸೋಗೆ) ಸುಟ್ಟ ಬೂದಿ ಕಿಟಕಿಯಿಂದ ತೇಲಿ ಬಂದು ಪುಸ್ತಕದ ಮೇಲಂಚಿನಲ್ಲಿ ಕೂರುತ್ತದೆ. ಮೊದಲು ವ್ಯಾಕ್ಯೂಮ್, ಆಮೇಲೆ ಸ್ಪಂಜು, ಕ್ರಮ ಅದೇ. ಬಾಗಲಕೋಟೆಯ ಸಿಮೆಂಟು, ಸುಣ್ಣದಕಲ್ಲಿನ ಧೂಳಿಗೆ ಮಾತ್ರ ಸ್ಪಂಜು ಹಿಡಿಯಬೇಡಿ. ಆ ಕಣ ಗಡಸು, ಗೀರುತ್ತದೆ. ಅದಕ್ಕೆ ವ್ಯಾಕ್ಯೂಮ್, ಬ್ರಷ್ ಸಾಕು.

ಸ್ಪಂಜಿನ ದೊಡ್ಡ ಕೊರತೆ ಅದರ ಆಯುಷ್ಯ. ನೈಸರ್ಗಿಕ ರಬ್ಬರು ಬೆಳಕಿಗೆ, ಗಾಳಿಗೆ, ಕಾವಿಗೆ ಕೆಡುತ್ತದೆ. ವಿಜಯಪುರದ ಬೇಸಿಗೆಯಲ್ಲಿ ಹೊರಗೇ 40 ಡಿಗ್ರಿ ದಾಟುವಾಗ ತಗಡಿನ ಕೋಣೆಯ ಕಪಾಟಿನಲ್ಲಿಟ್ಟ ಸ್ಪಂಜು ಬೇಗ ಪೆಡಸಾಗುತ್ತದೆ. ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಮಾಲಲ್ಲ, ಸಂರಕ್ಷಣಾ ಸಾಮಗ್ರಿ ಮಾರುವವರಿಂದ ತರಿಸಬೇಕು. ಬೆಂಕಿ ಬಿದ್ದ ಮೇಲೆ ತರಿಸಿದರೆ ಮಸಿ ಕಚ್ಚಿಕೊಂಡಾಗಿರುತ್ತದೆ, ಹೀಗಾಗಿ ಸ್ವಲ್ಪ ಮೊದಲೇ ಇಟ್ಟುಕೊಳ್ಳಬೇಕಾಗುತ್ತದೆ. ಡಜನ್‌ಗಟ್ಟಲೆ ಬೇಡ. ಗಾಳಿಯಾಡದ ಜಿಪ್ ಚೀಲದಲ್ಲಿ ಒಂದೊಂದನ್ನೇ ಹಾಕಿ, ಕತ್ತಲಿನ ತಂಪು ಜಾಗದಲ್ಲಿ, ಫೋಟೊ, ಬೆಳ್ಳಿ ಸಾಮಾನುಗಳಿಂದ ದೂರ ಇಡಿ. ಬಂದೊಡನೆ ಹೆಬ್ಬೆರಳಿನಿಂದ ಒತ್ತಿ ನೋಡಿ: ಹೊಸದಾದರೆ ಗುಳಿ ತಟ್ಟನೆ ಏಳುತ್ತದೆ. ಮೈ ಮಿಂಚುತ್ತಿದ್ದರೆ, ಬಗ್ಗಿಸಿದಾಗ ಬಿರುಕು ಬಿಟ್ಟರೆ, ಪುಡಿ ಉದುರಿದರೆ ಮರಳಿಸಿ. ಹಾಗೆ ಕೆಟ್ಟ ಸ್ಪಂಜು ಮಸಿ ಎತ್ತುವ ಬದಲು ತನ್ನ ಪುಡಿಯನ್ನೇ ಕಾಗದಕ್ಕೆ ಬಿಡುತ್ತದೆ.

ಬಳಸಿ ಕಪ್ಪಾದ ಚೂರುಗಳನ್ನು, ಕೈಗವಸು, ಮಾಸ್ಕ್, ವ್ಯಾಕ್ಯೂಮಿನ ಚೀಲದ ಜೊತೆ ಬಾಯಿ ಕಟ್ಟಿದ ಚೀಲದಲ್ಲಿ ಹಾಕಿ ಕೊಡಬೇಕು, ಹಿತ್ತಲಲ್ಲಿ ಸುಡಬಾರದು. ಒರೆಸಿದ ಪ್ರತಿ ಪೆಟ್ಟಿಗೆಯ ಮೇಲೆ ತಾರೀಖು, ‘ರಬ್ಬರ್ ಸ್ಪಂಜು ಬಳಸಿದೆ’ ಎಂಬ ಮಾತು, ಯಾವ ಹಾಳೆಗಳನ್ನು ಮುಟ್ಟದೆ ಬಿಟ್ಟಿದೆ ಎಂಬುದನ್ನು ಪೆನ್ಸಿಲಿನಲ್ಲಿ ಬರೆದಿಡಿ. ಮುಂದೆ ಬರುವ ಸಂರಕ್ಷಣಾ ತಜ್ಞರು ಮೊದಲು ಕೇಳುವುದು ಅದನ್ನೇ.